ಸೊಲ್ಲಿಗೆ ಕಾದ ಕರೆ

ಕಾರ್ತಿಕದ ಮಳೆ ಕಣ್ಣೊರೆಸಿಕೊಂಡು ಹಿಂದಿರುಗಿದ ಮೇಲೆ, ಯಳಂದೂರಿನಿಂದ ಹೊನ್ನೂರಿನತ್ತ ಹೋಗುವ ದಾರಿಯ ಎರಡು ಮಗ್ಗುಲಲ್ಲೂ ಭೂಮಿತಾಯಿ ಒಂದು ಬಗೆಯ ಗಂಭೀರ ಮೌನವನ್ನು ಉಟ್ಟುಕೊಳ್ಳುತ್ತಾಳೆ. ಹಾಲುಗಟ್ಟಿದ ಭತ್ತದ ತೆನೆಗಳು ತಮ್ಮದೇ ಭಾರಕ್ಕೆ ನಾಚಿದಂತೆ ತಲೆಬಾಗಿರುತ್ತವೆ. ಕಬ್ಬಿನ ಗರಿಗಳ ಮೇಲೆ ಸಂಧ್ಯಾಕಿರಣಗಳು ಹರಿದಾಡಿ ಹರಿದಾಡಿ, ಕೊನೆಗೆ ತೆಂಗಿನ ಸುಳಿಗಳ ತುದಿಯಲ್ಲಿ ಬಂಗಾರದ ಪುಡಿಯಾಗಿ ಉದುರಿಹೋಗುತ್ತವೆ. ದೂರದಲ್ಲಿ ಬಿಳಿಗಿರಿರಂಗನ ಬೆಟ್ಟ ನೀಲಾಂಬರವನ್ನು ಹೊದ್ದು, ಎಲ್ಲವನ್ನೂ ಕೇಳಿಸಿಕೊಳ್ಳುವ ಹಿರಿಯನಂತೆ ಕುಳಿತಿರುತ್ತದೆ... ಆ ಹೊತ್ತಿನಲ್ಲಿ ಸುವರ್ಣಾವತಿಯ ಕಾಲುವೆಯ ಏರಿಯ ಮೇಲೆ ನಿಂತು ಯಾವಳೋ ಒಬ್ಬ ತಾಯಿ ತನ್ನ ಮಗುವನ್ನು ಕೂಗಿದಳೆಂದರೆ, ಆ ಕೂಗು ಗದ್ದೆಯ ಮೇಲೆ ತೇಲಿ, ನೀರಿನ ಮೇಲೆ ಜಾರಿ, ಎಲ್ಲೋ ಒಂದೆಡೆ ನಿಂತು ಕಾಯುತ್ತದೆ. ಮಗು 'ಬಂದೇ' ಎನ್ನುವ ತನಕ ಆ ಸಂಜೆಗೆ ಮುಗಿಯುವ ಅಧಿಕಾರವಿಲ್ಲ!

ಸಹೃದಯನಾದ ಓದುಗನೇ, ಕರೆದವರಿಗೆ ಓಗೊಡುವುದು ಮನುಷ್ಯಧರ್ಮಗಳಲ್ಲೆಲ್ಲ ಪುರಾತನವಾದುದು. ಅದಕ್ಕೆ ಶಾಲೆ ಬೇಡ, ಶಾಸ್ತ್ರ ಬೇಡ. ಕೊಟ್ಟಿಗೆಯಲ್ಲಿ ಕಟ್ಟಿದ ಹಸುವೂ ಅದನ್ನು ಬಲ್ಲದು. ಆದರೆ ವಿದ್ಯುದ್ದೀಪಗಳ ಮಾಲೆಯಡಿಯಲ್ಲಿ, ಕಲೆಯ ಪವಿತ್ರನಾಮವನ್ನು ಹೇಳಿಕೊಂಡು, ಒಬ್ಬ ತಾಯಿಯ ಕರೆಯನ್ನು ಕತ್ತರಿಸಿ, ಉತ್ತರಕ್ಕೆಂದು ಅವಳು ಬಿಟ್ಟಿದ್ದ ಜಾಗವನ್ನು ಕಸದಂತೆ ಗುಡಿಸಿ ಎಸೆದರಲ್ಲ... ಅದನ್ನು ನೆನೆದರೆ ಎಷ್ಟು ತಾಳ್ಮೆಯ ಎದೆಯಾದರೂ ಚೈತ್ರದ ಹಾಸುಬಂಡೆಯಂತೆ ಕಾಯದಿದ್ದೀತೆ? ಈ ಕಥೆ ಪ್ರೇಮದ ಕಥೆಯೇ ಹೌದು. ಆದರೆ ಪ್ರೇಮದ ಕಥೆಯನ್ನು ಕೋಪವಿಲ್ಲದೆ ಹೇಳುವ ಭಾಗ್ಯ ಈ ಸೀಮೆಗೆ ಇನ್ನೂ ಒದಗಿಬಂದಿಲ್ಲ.

ಹೊನ್ನೂರಿನ ಕೊನೆಯ ಕೇರಿಯಲ್ಲಿ ಚಿಕ್ಕನಿಂಗಮ್ಮನ ಮನೆ. ಅವಳ ಗಂಡ ಚಿಕ್ಕಸಿದ್ದಯ್ಯ ನೀಲಗಾರ. ತಂಬೂರಿಯನ್ನು ಹೆಗಲಿಗೇರಿಸಿ ಊರೂರ ಜಗಲಿಗಳ ಮೇಲೆ ಪದ ಹೇಳಿಕೊಂಡು ಬಾಳಿದವನು. ಅವನು ತೀರಿಹೋದ ಮೇಲೆ ಗೂಟಕ್ಕೆ ನೇತುಬಿದ್ದ ತಂಬೂರಿಯ ತಂತಿಗಳು ಕಿಟಕಿಯ ಗಾಳಿಗೆ ತಾವೇ ಸಣ್ಣಗೆ ನರಳುತ್ತಿದ್ದವು. ಹೆಂಗಸು ತಂಬೂರಿ ಮುಟ್ಟುವುದುಂಟೇ ಎಂದು ಗೊಣಗಿದವರುಂಟು. ಆಕೆ ಯಾರೊಡನೆಯೂ ಜಗಳವಾಡಲಿಲ್ಲ. "ಅವ್ನು ಓದ, ಸರಿ. ಪದ ಎಲ್ಗೋದದು? ಇಲ್ಲೇ ಮೂಲೇಲಿ ಕುಂತದೆ. ಕುಂತಿರೋದ್ನ ಎಬ್ಬುಸ್ಬ್ಯಾಡ್ವಾ?" ಎಂದಷ್ಟೇ ಹೇಳಿ, ಧೂಳು ಕೊಡವಿ, ತಂತಿಗಳನ್ನು ಬಿಗಿದಳು.

ಆ ಪದಗಳಿಗೆ ಒಂದು ಕಟ್ಟುಪಾಡು. ಮುಂದೆ ಕುಳಿತವರು ಒಂದು ಸಾಲು ಹೇಳಿ ನಿಲ್ಲಬೇಕು. ಹಿಂದೆ ಕುಳಿತವರು ಸೊಲ್ಲು ಕೊಡಬೇಕು, ಅಂದರೆ ಆ ಸಾಲಿಗೆ ಉತ್ತರವಾಗಿ ಪಲ್ಲವಿಯನ್ನು ಎತ್ತಿಕೊಡಬೇಕು. ಸೊಲ್ಲು ಬಾರದೆ ಪದ ಮುಂದಕ್ಕೆ ಅಡಿಯಿಡುವಂತಿಲ್ಲ. ಚಿಕ್ಕನಿಂಗಮ್ಮನ ಮನೆಯಲ್ಲಿ ಇನ್ನೊಂದು ರೂಢಿಯೂ ಇತ್ತು: ಸೊಲ್ಲನ್ನು ಮನೆಯವರೇ ಕೊಡಬೇಕು. ಸೊಸೆಯಾಗಿ ಬಂದವಳು ಹೊಸಿಲು ದಾಟಿದೊಡನೆ ಮನೆಯ ಹಿರಿಯರ ಪದಕ್ಕೆ ಸೊಲ್ಲು ಕೊಟ್ಟು, ಆಮೇಲೆ ಒಲೆಯ ಬಳಿ ಹೋಗಬೇಕು. ಮದುವೆಯ ಚಪ್ಪರ, ಓಲಗ, ಊಟಗಳೆಲ್ಲ ಊರ ಕಣ್ಣಿಗಾಗಿ. ಅವಳು ಆ ಮನೆಯವಳಾದಳೆಂಬುದಕ್ಕೆ ಆ ಒಂದು ಸೊಲ್ಲೇ ಸಾಕ್ಷಿ. ಸದ್ಯಕ್ಕೆ ಅಲ್ಲಿ ಸೊಲ್ಲು ಕೊಡುವವನು ಒಬ್ಬನೇ: ಅವಳ ಮಗ ಶಾಂತರಾಜು. ಹಗಲೆಲ್ಲ ಯಳಂದೂರಿನ ಅಂಗಡಿಯಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವವನು, ಸಂಜೆ ತಾಳಕ್ಕೆ ಗಲಗಲಿಸುವ ಗಗ್ಗರ ಹಿಡಿದು ತಾಯಿಯ ಹಿಂದೆ ಕೂತನೆಂದರೆ, ಮಾಗಿದ ಜೇನಿನಂತೆ ಅವನ ಕಂಠ ತೊಟ್ಟಿಕ್ಕುತ್ತಿತ್ತು.

ಇವರ ಪದವನ್ನು ಹನೂರಿನ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಕೇಳಿ ಮರುಳಾದವಳು ದೀಪಶ್ರೀ.

ದೀಪಶ್ರೀ ಕೊಳ್ಳೇಗಾಲದ ಕಬ್ಬಿಣದಂಗಡಿಯ ಸ್ಥಿತಿವಂತರ ಮಗಳು. ಶಾಸ್ತ್ರೀಯ ನೃತ್ಯವನ್ನು ಕಲಿತು, ಅದರ ಆಭರಣಗಳನ್ನು ಕಳಚಿಟ್ಟು, ಹೊಸ ಕಾಲದ ನೃತ್ಯವನ್ನು ಹುಡುಕುತ್ತಿದ್ದ ಹುಡುಗಿ. ನಿಂತರೆ ದೀಪದ ಕುಡಿ, ನಡೆದರೆ ತಂಗಾಳಿಗೆ ಬಾಗಿದ ಜೋಳದ ದಂಟು. ಚಿಕ್ಕನಿಂಗಮ್ಮ ತಾನೇ ಕಟ್ಟಿದ ಪದವೊಂದಿತ್ತು: ಮುಸ್ಸಂಜೆಯಲ್ಲಿ ಹೊಳೆಗೆ ನೀರಿಗೆ ಹೋದ ಮಗಳು ಹಿಂದಿರುಗುವುದಿಲ್ಲ, ತಾಯಿ ದಡದಲ್ಲಿ ನಿಂತು ಕರೆಯುತ್ತಾಳೆ, ಹೊಳೆಯೇ ಮಗಳ ದನಿಯಲ್ಲಿ ಓಗೊಡುತ್ತದೆ.

"ಹೊತ್ತು ಮುಳುಗಿತು ಮಗಳೇ, ಬಿಂದಿಗೆ ಎಲ್ಲವ್ವ..." ಎಂದು ತಾಯಿ.

"ಬಂದೆನೇ ತಾಯಿ, ಬಂದೆನೇ" ಎಂದು ಸೊಲ್ಲು.

ಈ ಪದವನ್ನೇ ನೃತ್ಯವಾಗಿಸಬೇಕೆಂಬ ಹಂಬಲ ದೀಪಶ್ರೀಯ ನಿದ್ದೆಯನ್ನು ಕದ್ದಿತು. ಅವಳು ಒಬ್ಬೊಬ್ಬರನ್ನೇ ಕೂಡಿಸಿದಳು. ಹೊಳೆಯ ಬಣ್ಣದ, ರಂಗದಷ್ಟುದ್ದದ ರೇಷ್ಮೆಯನ್ನು ನೇಯಲು ಕೊಳ್ಳೇಗಾಲದ ಮುದುಕ ನೇಕಾರ ಮುತ್ತಯ್ಯ. ಧ್ವನಿಯ ಯಂತ್ರಗಳನ್ನು ನೋಡಿಕೊಳ್ಳಲು ಮಾರ್ಟಳ್ಳಿಯ ಹುಡುಗಿ ಪುಷ್ಪ. ಇವರನ್ನೆಲ್ಲ ಒಂದು ದಾರಕ್ಕೆ ಪೋಣಿಸಿ ರಂಗಕ್ಕೆ ತರಲು, ಹೊರಗಿನ ಸಂಸ್ಥೆಗಳ ಪರಿಚಯವುಳ್ಳ ನಿರ್ದೇಶಕ ಗುರುಪ್ರಕಾಶ್. ಮುತ್ತಯ್ಯನ ಮಗ್ಗದ ಮನೆಯ ಹಿಂದಿನ ಹಜಾರದಲ್ಲಿ ಅಭ್ಯಾಸ ಮೊದಲಾಯಿತು.

ಮೊದಮೊದಲು ದೀಪಶ್ರೀಯ ದೇಹ ಪದಕ್ಕೆ ಒಲಿಯಲಿಲ್ಲ. ತಾಯಿಯ ಕರೆ ಎದ್ದೊಡನೆ ಅವಳ ಕೈಗಳು ಅಲೆಯಾಗುತ್ತಿದ್ದವು, ಪಾದಗಳು ಸುಳಿಯಾಗುತ್ತಿದ್ದವು, ಆದರೆ ಎಲ್ಲವೂ ನೀರಿನ ಮೇಲಣ ಎಣ್ಣೆಯಂತೆ ಬೇರೆಯಾಗಿಯೇ ತೇಲುತ್ತಿತ್ತು. ಚಿಕ್ಕನಿಂಗಮ್ಮ ಒಂದು ದಿನ ತಂಬೂರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಕ್ಕಳು.

"ಅಲ್ಲ ಕಣವ್ವ, ನಾನು ಕರೀತಿರ್ವಾಗ ನೀನ್ಯಾಕೆ ಅಂಗೆ ಓಡಾಡೀಯೆ? ಅವ್ವ ಕರುದ್ರೆ ಮಗ ಒಂದ್ಗಳ್ಗೆ ನಿಂತ್ಕತದೆ. ಕೇಳುಸ್ಕತದೆ. ಆಮ್ಯಾಕೆ ತಾನೆ ಓಡ್ಬರೋದು?"

"ಲೇ ನಿಂಗಮ್ಮ, ನಿನ್ ಮಗ ಕರುದ್ರೆ ಒಂದ್ಗಳ್ಗೆ ನಿಂತನಾ? ಓಟ್ಲ್ ಕಡಿಕೆ ಓಡ್ತಾನೆ!" ಎಂದು ಮಗ್ಗದ ಗುಂಡಿಯಿಂದಲೇ ಮುತ್ತಯ್ಯ ಕೂಗಿದ.

"ನಿಮ್ ಕಾಪಿ ನೀವೇ ಕುಡ್ದು ನನ್ ಲೆಕ್ಕಕ್ ಬರುಸ್ತೀರಲ್ಲ, ಅದ್ನ ತಡ್ಯಕೇ ಓಡೋದು ಕಣ್ರಿ" ಎಂದ ಶಾಂತರಾಜು. ಹಜಾರವೆಲ್ಲ ನಗೆಯ ಮಲ್ಲಿಗೆ!

ಅಂದು ದೀಪಶ್ರೀ ಕರೆಗೆ ನಿಂತಳು. ಸುಮ್ಮನೆ, ಉಸಿರನ್ನೂ ಹಿಡಿದು ನಿಂತಳು. ಆ ನಿಶ್ಶಬ್ದದೊಳಕ್ಕೆ ಶಾಂತರಾಜುವಿನ ಸೊಲ್ಲು ಇಳಿದು ಬಂದಾಗ, ತನ್ನ ಕಾಲುಗಳನ್ನು ತಾನಲ್ಲ, ಆ ದನಿಯೇ ಎತ್ತಿಡುತ್ತಿದೆಯೆಂದು ಅವಳಿಗೆ ಅನ್ನಿಸಿತು... ಮುಂಗಾರಿನ ಮೊದಲ ಹನಿ ಬಿದ್ದಾಗ ಬೆಂದ ನೆಲದಿಂದ ಏಳುವ ಕಂಪಿನಂತೆ ಏನೋ ಒಂದು ಅವಳ ಒಡಲಿನಿಂದ ಎದ್ದಿತು. ದಿನಗಳು ಉರುಳಿದಂತೆ ಅವಳು ಒಂದನ್ನು ಗಮನಿಸಿದಳು: ಸೊಲ್ಲು ಕೊಡುವಾಗ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ.

"ಯಾಕೆ ಕಣ್ಮುಚ್ಕೊತೀರ?" ಎಂದು ಒಂದು ಸಂಜೆ ಕೇಳಿದಳು.

"ಕಣ್ ಬುಟ್ರೆ ಸೊಲ್ಲು ತಪ್ಪೋಯ್ತದೆ."

"ಅದ್ಯಾಕೆ?"

ಅವನು ಗಗ್ಗರವನ್ನು ಚೀಲಕ್ಕೆ ಹಾಕಿಕೊಳ್ಳುತ್ತ, ನೆಲ ನೋಡುತ್ತ ಹೇಳಿದ: "ಎದುರ್ಗೆ ನೀವಿರ್ತೀರಲ್ಲ."

ಅದಕ್ಕಿಂತ ಹೆಚ್ಚು ಅವರಿಬ್ಬರೂ ಮಾತಾಡಿಕೊಂಡದ್ದಿಲ್ಲ. ಬೇಕಾಗಿಯೂ ಇರಲಿಲ್ಲ. ಮೋಡಕ್ಕೂ ಬೆಟ್ಟಕ್ಕೂ ನಡುವೆ ಮಾತೇತಕ್ಕೆ? ಮಳೆಯಾದರೆ ಸಾಕಲ್ಲವೇ!

ಆದರೆ, ಓದುಗನೇ, ಇನ್ನು ಮುಂದಿನದನ್ನು ಹೇಳಲು ನಾಲಗೆ ಒರಟಾಗುತ್ತದೆ.

ಒಂದು ಭಾನುವಾರ ತಂಡವನ್ನೆಲ್ಲ ದೀಪಶ್ರೀ ತನ್ನ ಮನೆಗೆ ಕರೆದಳು. ಅವಳ ತಾಯಿ ಶಿವರತ್ನಮ್ಮ ವಿಭೂತಿಯಿಟ್ಟ ಹಣೆಯ, ಮೃದುಮಾತಿನ ಹೆಂಗಸು. ಯಾರನ್ನೂ ಬಾಗಿಲಲ್ಲಿ ನಿಲ್ಲಿಸಲಿಲ್ಲ, ಎಲ್ಲರನ್ನೂ ನಡುಮನೆಯಲ್ಲೇ ಕೂರಿಸಿದಳು. ಕಾಫಿ ಬಂತು. ಗುರುಪ್ರಕಾಶ್‌ಗೆ ಸ್ಟೀಲ್ ಲೋಟ, ಮುತ್ತಯ್ಯನಿಗೆ ಸ್ಟೀಲ್ ಲೋಟ. ತಟ್ಟೆಯ ಒಂದು ಅಂಚಿನಲ್ಲಿ, ಬೇರೆಯಾಗಿ ಇಟ್ಟಿದ್ದ ಎರಡು ಕಾಗದದ ಲೋಟಗಳು ಮಾತ್ರ ಚಿಕ್ಕನಿಂಗಮ್ಮನ ಮತ್ತು ಅವಳ ಮಗನ ಕೈಗೆ ಹೋದವು. ಬೈಗುಳವಿಲ್ಲ, ಹುಬ್ಬು ಗಂಟಿಕ್ಕಲಿಲ್ಲ, ಮುಗುಳ್ನಗೆಯೊಡನೆ ಕೊಟ್ಟದ್ದು! ಹಿಂದಿನವರು ತೆಂಗಿನ ಚಿಪ್ಪಿನಲ್ಲಿ ಹೊಯ್ಯುತ್ತಿದ್ದರು. ಈಗಿನವರು ಅಂಗಡಿಯಿಂದ ಕಾಗದದ ಲೋಟವನ್ನು ಕೊಂಡು ತಂದು, ಅದೇ ಹಳೆಯ ಕೊಳೆಗೆ ಹೊಸ ಶುಭ್ರತೆಯ ಹೊದಿಕೆ ಹೊದಿಸಿದ್ದಾರೆ. ಕಾಲ ಬದಲಾಯಿತೆಂದು ಸಭೆಗಳಲ್ಲಿ ಕೈತಟ್ಟುವ ಮಹನೀಯರು ಒಮ್ಮೆ ನಮ್ಮ ನಡುಮನೆಗಳ ತಟ್ಟೆಯ ಅಂಚನ್ನು ನೋಡಲಿ!

ಶಿವರತ್ನಮ್ಮ ಮಾತಿಗೆಂದು ಕೇಳಿದಳು, "ಅದ್ಯಾನೋ ಸೊಲ್ಲು ಸೊಲ್ಲು ಅಂತೀರಲ್ಲ, ನಮ್ ದೀಪುನೂ ಕೊಡ್ಬೋದಾ?"

ಚಿಕ್ಕನಿಂಗಮ್ಮ ಕಾಗದದ ಲೋಟವನ್ನು ಎರಡು ಕೈಯಲ್ಲೂ ಹಿಡಿದು ನಕ್ಕಳು. "ಉಡ್ಗಾಟ ಅಲ್ಲ ಕಣ್ರವ್ವ. ನನ್ ಪದಕ್ಕೆ ಸೊಲ್ಲು ಕೊಟ್ರೆ ನಮ್ಮನೆಯೋರೇ ಆಗ್ಬುಡ್ತಾರೆ. ಆಮ್ಯಾಕೆ ನೀವು ವಾಪಸ್ ಕೇಳುದ್ರೆ ನಾನು ಕೊಡಕಿಲ್ಲ!"

ಎಲ್ಲರೂ ನಕ್ಕರು. ಶಿವರತ್ನಮ್ಮ ನಗಲಿಲ್ಲ. ದೀಪಶ್ರೀ ಲೋಟಗಳನ್ನು ನೋಡಿದಳು, ತಾಯಿಯನ್ನು ನೋಡಿದಳು, ಏನೋ ಹೇಳಬೇಕೆಂದು ತುಟಿ ತೆರೆದಳು, ಮತ್ತೆ ಮುಚ್ಚಿದಳು. ಮೆಟ್ಟಿಲಿಳಿಯುವಾಗ ಶಾಂತರಾಜು ಮೆಲ್ಲಗೆ, "ಪರ್ವಾಗಿಲ್ಲ ಬುಡಿ, ಕಾಗ್ದುದ್ ಲೋಟ ಅಗುರ, ಕೈ ನೋಯಕಿಲ್ಲ" ಎಂದ. ಆ ಹಗುರವಾದ ಮಾತು ಅವಳ ಎದೆಯ ಮೇಲೆ ಬಂಡೆಯಂತೆ ಕೂತಿತು.

ಅದಾದ ಮೇಲೆ ಗುರುಪ್ರಕಾಶ್ ಧ್ವನಿಮುದ್ರಣ ಮಾಡಿಸಿದ. ಗಾಜಿನ ಕೋಣೆಯೊಳಗೆ ಚಿಕ್ಕನಿಂಗಮ್ಮ ಒಬ್ಬಳೇ. "ಒಂದೇ ಧ್ವನಿ ಸಾಕು, ಶುದ್ಧವಾಗಿ ಬರುತ್ತದೆ" ಎಂದು ಮಗನನ್ನು ಹೊರಗೆ ನಿಲ್ಲಿಸಿದ. ಆಕೆ ಹಾಡಿದಳು. ಪ್ರತಿಯೊಂದು ಸಾಲು ಮುಗಿದಾಗಲೂ, ಬೆನ್ನ ಹಿಂದೆ ಮಗ ಕೂತಿದ್ದಾನೆಂಬಂತೆ ಕತ್ತನ್ನು ಅರೆಯಾಗಿ ಹೊರಳಿಸಿ, ಸೊಲ್ಲು ಮುಗಿಯುವಷ್ಟು ಹೊತ್ತು ಕಾದು, ತಲೆದೂಗಿ, ಮುಂದಿನ ಸಾಲಿಗೆ ಹೋದಳು. ಗಾಜಿನ ಆಚೆ ನಿಂತ ಶಾಂತರಾಜುವಿನ ತುಟಿಗಳು ಪ್ರತಿಸಲವೂ ಅಲುಗಿದವು. ಶಬ್ದ ಒಳಕ್ಕೆ ಹೋಗಲಿಲ್ಲ... ಆಕೆ ಹಾಗೆ ಕಾದದ್ದು ತಪ್ಪೆಂದರೆ ತಪ್ಪು. ಯಂತ್ರದ ಮುಂದೆ ಯಾರಿಗಾಗಿ ಕಾಯುವುದು? ಆದರೆ ಕಾಯದೆ ಹಾಡುವುದು ಆ ಜೀವಕ್ಕೆ ಗೊತ್ತೇ ಇರಲಿಲ್ಲ.

ಮುಂದಿನ ವಾರ ಹಜಾರದ ಸ್ಪೀಕರಿನಿಂದ ಆ ಪದ ಮೊಳಗಿತು. "ಹೊತ್ತು ಮುಳುಗಿತು ಮಗಳೇ, ಬಿಂದಿಗೆ ಎಲ್ಲವ್ವ". ಅದರ ಬಾಲಕ್ಕೇ ಅಂಟಿಕೊಂಡಂತೆ "ಒಲೆಯ ಕೆಂಡ ಆರಿತು ಮಗಳೇ, ಅನ್ನ ಕಾದದೆ ಬಾರವ್ವ". ಅದರ ಬೆನ್ನಿಗೇ ಇನ್ನೊಂದು. ಕಾದ ಜಾಗಗಳೆಲ್ಲ ಮಾಯ! ಮಗಳಿಗೆ ಬಾಯಿ ತೆರೆಯಲೂ ಎಡೆಗೊಡದೆ ತಾಯಿ ಕರೆಯುತ್ತಲೇ ಹೋಗುವ ಆ ಸದ್ದು, ಬುದ್ಧಿ ಕೆಟ್ಟವಳ ಪ್ರಲಾಪದಂತೆ ಹಜಾರವನ್ನು ತುಂಬಿತು. ಪುಷ್ಪ ತಲೆತಗ್ಗಿಸಿದಳು. "ಸರ್ ಯೋಳುದ್ರು, ಕಟ್ ಮಾಡ್ದೆ ಅಕ್ಕಾ... ಪಾಟಿ ನಿಂತ್ಕಂಡ್ ನಿಂತ್ಕಂಡ್ ಆಡುದ್ರಲ್ಲ, ಅದೆಲ್ಲ ವೇಸ್ಟ್ ಅಂದ್ರು" ಎಂದಳು. ತನ್ನ ಗಡಿಯೂರಿನ ಮಾತಿನಲ್ಲಿ ಅವಳು ಚಿಕ್ಕನಿಂಗಮ್ಮನನ್ನು ಅಜ್ಜಿಯೆಂಬರ್ಥದಲ್ಲಿ 'ಪಾಟಿ' ಎಂದೇ ಕರೆಯುತ್ತಿದ್ದಳು.

"ಅದು ಸೊಲ್ಲಿನ ಜಾಗ, ಸರ್" ಎಂದಳು ದೀಪಶ್ರೀ.

"ನನಗೂ ಗೊತ್ತು" ಎಂದ ಗುರುಪ್ರಕಾಶ್, ತುಂಬ ಸೌಜನ್ಯದಿಂದ. "ಆದರೆ ಪ್ರೇಕ್ಷಕರು ಅಷ್ಟು ಕಾಯುವುದಿಲ್ಲ. ಅಮ್ಮನ ಧ್ವನಿ ನಮ್ಮಲ್ಲಿ ಬಂದಾಯಿತಲ್ಲ, ಇನ್ನು ರಂಗದ ಮೇಲೆ ಅವರಿಗೇಕೆ ಆಯಾಸ?"

ಗೊತ್ತು! ಅರಿಯದೆ ಮಾಡಿದ್ದರೆ ಕ್ಷಮಿಸಬಹುದಿತ್ತು. ತಿಳಿದೂ ತಿಳಿದೂ, ಹಸನ್ಮುಖದಿಂದ ಮಾಡುವ ಅನ್ಯಾಯಕ್ಕೆ ಯಾವ ಹೆಸರಿಡೋಣ? ಚಿಕ್ಕನಿಂಗಮ್ಮನಿಗೆ ಮೊದಲು ಗೊತ್ತುಮಾಡಿದ್ದ ಜಾಗ ರಂಗದ ನಟ್ಟನಡುವೆ. ಆಮೇಲೆ ಬೆಳಕಿಗೆ ಅಡ್ಡವಾಗುತ್ತದೆಂದು ಮಗ್ಗುಲಿಗೆ ಸರಿಸಿದರು. ಮಗ್ಗುಲಿನಿಂದ ಪರದೆಯ ಮರೆಗೆ. ಈಗ ಅಲ್ಲಿಂದಲೂ ಇಳಿಸಿ, ಸಭಾಭವನದ ಹೆಬ್ಬಾಗಿಲ ಬಳಿ ತಂಬೂರಿ ಹಿಡಿದು ಕೂರಬೇಕೆಂದೂ, ಬಂದ ಅತಿಥಿಗಳು ಜೊತೆಗೆ ನಿಂತು ಫೋಟೋ ತೆಗೆಸಿಕೊಳ್ಳುವರೆಂದೂ, ಅದರಿಂದ ಜಾನಪದದ ವಾತಾವರಣ ಉಂಟಾಗುವುದೆಂದೂ ಅಪ್ಪಣೆಯಾಯಿತು. "ಒಳ್ಳೇ ಕುರ್ಚಿ ಹಾಕಿಸಿಕೊಡ್ತೇವಮ್ಮ" ಎಂದ ಗುರುಪ್ರಕಾಶ್.

"ಕುರ್ಚಿ ಬ್ಯಾಡ ಸಾ, ನಂಗೆ ನೆಲ ಸಾಕು" ಎಂದಳು ಚಿಕ್ಕನಿಂಗಮ್ಮ. "ಆ ನೆಲ ಎಲ್ಲದೆ ಅಂತ ವಸಿ ತೋರ್ಸ್ಬುಡಿ. ದಿನಾ ಒಂದೊಂದ್ ಕಡೆ ಓಯ್ತಾ ಅದೆ."

ಮುತ್ತಯ್ಯ ಮಗ್ಗದಿಂದ ಎದ್ದು ಬಂದು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ಬಟ್ಟೇಲಿ ಅಡ್ಡುದ್ ಊಡೆ ತಗ್ದು ಬರೀ ಉದ್ದುದ್ ಹಾಸು ಇಡ್ಕಂಡ್ರೆ ಏನಾದದು ಗೊತ್ತಾ ಸಾಮಿ? ದಾರದ್ ಗಂಟು! ಬಟ್ಟೆ ಅಂತ ಯಾರೂ ಉಡಕಿಲ್ಲ" ಎಂದು ಒರಟಾಗಿ ಹೇಳಿದ. ಗುರುಪ್ರಕಾಶ್ ಆ ಮಾತನ್ನೂ ಮೆಚ್ಚಿ ತಲೆದೂಗಿದ. ಅಂಥವರನ್ನು ಏನು ಮಾಡುವುದು, ಹೇಳಿ!

ಅಂದು ಬಸ್‌ಸ್ಟ್ಯಾಂಡಿನ ತನಕ ದೀಪಶ್ರೀ ತಾಯಿ ಮಗನ ಜೊತೆ ನಡೆದಳು. ಯಳಂದೂರಿನ ಬಸ್ಸು ಕಾಣಿಸಿದಾಗ ಶಾಂತರಾಜು ನಿಂತ.

"ಕಾಗ್ದುದ್ ಲೋಟ ಕೊಟ್ರು. ನೀವು ನೋಡುದ್ರಿ. ಅವ್ವುನ್ ದನಿ ಕತ್ರುಸುದ್ರು. ನೋಡುದ್ರಿ. ನಾಳಿಕ್ ಬಾಗ್ಲಲ್ಲಿ ಕೂರುಸ್ತಾರೆ. ಆಗ್ಲೂ ನೋಡ್ತೀರಿ. ನೀವು ಕೆಟ್ಟೋರಲ್ಲ ಕಣ್ರಿ... ನಿಮ್ಗೆಲ್ಲಾ ಕೇಳುಸ್ತದೆ. ಓಗೊಡಾದಿಲ್ಲ, ಅಷ್ಟೆ."

"ಲೇ, ಸುಮ್ನಿರ್ಲಾ" ಎಂದಳು ಚಿಕ್ಕನಿಂಗಮ್ಮ. "ಉಡ್ಗಿ ಕುಣಿಯೋದ ನಾ ನೋಡ್ಬೇಕು. ಬಾಗ್ಲಾದ್ರೆ ಬಾಗ್ಲು. ಅಲ್ಲಿಂದ್ಲೂ ಕಾಣ್ತದೆ."

"ನೀ ಬೇಕಾದ್ರೆ ಕೂತ್ಕವ್ವ. ನಿನ್ ಪಕ್ದಲ್ಲಿ ನಿಂತ್ಕತೀನಿ. ಆದ್ರೆ ಇದೇ ಕಡೆ. ಆಮ್ಯಾಕೆ ಆ ಹಜಾರಕ್ ನಾನು ಕಾಲಿಕ್ಕಾದಿಲ್ಲ." ಅವನು ದೀಪಶ್ರೀಯತ್ತ ತಿರುಗದೆ ಬಸ್ಸು ಹತ್ತಿದ. ಹಿಂಬದಿಯ ಕೆಂಪು ದೀಪ ತಿರುವಿನಲ್ಲಿ ಮರೆಯಾಗುವ ತನಕ ಅವಳು ನಿಂತೇ ಇದ್ದಳು. ಕಳೆದುಹೋಗುತ್ತಿರುವುದು ಒಂದು ಪ್ರದರ್ಶನವಲ್ಲ, ತನ್ನ ಇಡೀ ಬಾಳಿನ ಋತುವೆಂದು ಆಗ ಅವಳಿಗೆ ತಿಳಿಯಿತು... ಅದನ್ನು ಕಸಿದುಕೊಳ್ಳುತ್ತಿರುವವನು ಗುರುಪ್ರಕಾಶ್ ಒಬ್ಬನೇ ಅಲ್ಲ, ತನ್ನ ಮೌನವೂ!

ಪ್ರದರ್ಶನದ ಸಂಜೆ ಬಂತು. ಕೊಳ್ಳೇಗಾಲದ ಸಭಾಭವನದ ಮುಂದೆ ಬಾಳೆಕಂದು, ಮಾವಿನ ತೋರಣ, ಬಣ್ಣದ ಬಲ್ಬುಗಳು. ಹೆಬ್ಬಾಗಿಲ ಎಡಮಗ್ಗುಲಿನಲ್ಲಿ, ಕುರ್ಚಿಯನ್ನು ಬಿಟ್ಟು ಚಾಪೆಯ ಮೇಲೆ, ಒಗೆದ ಬಿಳಿ ಸೀರೆಯುಟ್ಟ ಚಿಕ್ಕನಿಂಗಮ್ಮ ತಂಬೂರಿ ಹಿಡಿದು ಕುಳಿತಿದ್ದಳು. ಬಂದವರು ಬಾಗಿ, ಅವಳ ತಲೆಯ ಪಕ್ಕ ತಮ್ಮ ತಲೆಯಿಟ್ಟು, ಫೋನು ಎತ್ತಿ ಹಿಡಿದು ನಕ್ಕು ಒಳಗೆ ಹೋದರು. "ನಿಮ್ಮ ಹೆಸರೇನಮ್ಮ?" ಎಂದು ಒಬ್ಬರಾದರೂ ಕೇಳಿದರೇ? ಇಲ್ಲ. ಒಬ್ಬ ಶ್ರೀಮಂತ ಮಹಿಳೆ ಮಾತ್ರ, "ಸ್ವಲ್ಪ ತಂತಿ ಮೀಟಿದ ಹಾಗೆ ಮಾಡಿ" ಎಂದಳು. ಆಕೆ ಮೀಟಿದ ಹಾಗೆ ಮಾಡಿದಳು. ಗೋಡೆಗೊರಗಿ ನಿಂತ ಶಾಂತರಾಜುವಿನ ಕೈಯ ಗಗ್ಗರ ಅಲುಗದಂತೆ ಅವನು ಬೆರಳುಗಳನ್ನು ಬಿಗಿದುಕೊಂಡಿದ್ದ.

ಒಳಗೆ ಕತ್ತಲು ಕವಿಯಿತು. ರಂಗದ ಮೇಲೆ ಮುತ್ತಯ್ಯನ ರೇಷ್ಮೆ ಬೆಳಕಿನಲ್ಲಿ ಅಲೆಯಲೆಯಾಗಿ ಮಿನುಗಿತು; ಸುವರ್ಣಾವತಿಯೇ ಮೆಟ್ಟಿಲೇರಿ ಬಂದಂತೆ! ಅದರ ನಡುವೆ ದೀಪಶ್ರೀ. ಸ್ಪೀಕರಿನಿಂದ ಕರೆ ಎದ್ದಿತು. ಅವಳು ನಿಂತಳು, ಕಲಿತಂತೆ. ಎರಡನೆಯ ಕರೆ ಮೊದಲನೆಯದನ್ನು ತುಳಿದುಕೊಂಡು ಬಂತು. ಅವಳು ನಿಂತೇ ಇದ್ದಳು. ಮೂರನೆಯದು ಬಂತು. ಅವಳು ಅಲುಗಲಿಲ್ಲ. ಕರೆಯ ಮೇಲೆ ಕರೆ, ಕರೆಯ ಮೇಲೆ ಕರೆ... ಸಭೆ ಇದೂ ನೃತ್ಯದ ಒಂದು ಭಂಗಿಯೆಂದು ಭಾವಿಸಿ ಉಸಿರು ಹಿಡಿಯಿತು. ಪರದೆಯ ಮರೆಯಲ್ಲಿ ಗುರುಪ್ರಕಾಶ್ ಕೈಸನ್ನೆ ಮಾಡಿ ಮಾಡಿ ಸೋತ.

ಆಗ ದೀಪಶ್ರೀ, "ಪುಷ್ಪಾ, ನಿಲ್ಲಿಸು" ಎಂದಳು.

ಪುಷ್ಪ ಯಾರ ಮುಖವನ್ನೂ ನೋಡಲಿಲ್ಲ. ಅವಳ ಬೆರಳು ಒತ್ತಿತು. ಭವನದ ತುಂಬ ಮೌನ ಸುರಿಯಿತು.

ದೀಪಶ್ರೀ ರಂಗದಿಂದ ಇಳಿದಳು. ಅವಳ ನಡುವಿಗೆ ಕಟ್ಟಿದ್ದ ರೇಷ್ಮೆ ಅವಳ ಹಿಂದೆ ಇಳಿಯಿತು. ಗಣ್ಯರ ಕುರ್ಚಿಗಳ ನಡುವೆ, ಬೆರಗಾದ ಮುಖಗಳ ನಡುವೆ, ನೀಲಿ ಹೊಳೆಯೊಂದು ಹಿಮ್ಮುಖವಾಗಿ ಹರಿದಂತೆ ಬಾಗಿಲ ತನಕ ಹರಿಯಿತು. ಅವಳು ಚಾಪೆಯ ಮುಂದೆ ಮಂಡಿಯೂರಿದಳು.

"ನಿಂಗವ್ವ, ಅದು ನಿಮ್ ದನಿ ಅಲ್ಲ. ಬನ್ನಿ, ನೀವೇ ಕರೀರಿ."

"ಅಯ್ಯೋ ಕೂಸೆ, ಜನ ಎಲ್ಲಾ ನೋಡ್ತಾ ಅವ್ರೆ..."

"ನೋಡ್ಲಿ ಅಂತಾನೇ ಬಂದೆ."

ಚಿಕ್ಕನಿಂಗಮ್ಮ ತಂಬೂರಿಯನ್ನು ಹೆಗಲಿಗೇರಿಸಿ ಎದ್ದಳು. ಮುಂದೆ ಹಾಸಿದ್ದ ರೇಷ್ಮೆಯ ಮೇಲೆ ಕಾಲಿಡಲು ಆಕೆ ಒಪ್ಪಲಿಲ್ಲ. "ಮುತ್ತಯ್ಯುನ್ ಕೈ ಇದು, ತುಳಿಯಕಿಲ್ಲ" ಎಂದು ಬಗ್ಗಿ, ಆ ಹೊಳೆಯನ್ನು ಮಡಿಕೆ ಮಡಿಕೆಯಾಗಿ ತೋಳಿಗೆ ಸುತ್ತಿಕೊಳ್ಳುತ್ತ, ಕೂಸನ್ನು ಎತ್ತಿಕೊಂಡವಳಂತೆ ರಂಗದ ಕಡೆಗೆ ನಡೆದಳು; ದೀಪಶ್ರೀ ಹಿಂದೆಯೇ ಬಂದು ರಂಗವೇರಿದಳು. ಮೂರನೆಯ ಸಾಲಿನಲ್ಲಿ ಕುಳಿತಿದ್ದ ಮುತ್ತಯ್ಯ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಚಿಕ್ಕನಿಂಗಮ್ಮ ರಂಗದ ನಟ್ಟನಡುವೆ ಕುಳಿತಳು. ಇಷ್ಟು ದಿನ ಅತ್ತಿತ್ತ ಅಲೆದಾಡಿದ ಆ ನೆಲ ಕೊನೆಗೂ ಅವಳಡಿಯಲ್ಲಿ ನಿಂತಿತು!

ತಂಬೂರಿ ಝೇಂಕರಿಸಿತು. ಯಂತ್ರವಿಲ್ಲದ, ಕತ್ತರಿ ಬೀಳದ, ತುಸು ಒಡೆದ ಕಂಠ.

"ಹೊತ್ತು ಮುಳುಗಿತು ಮಗಳೇ... ಬಿಂದಿಗೆ ಎಲ್ಲವ್ವ..."

ಆಕೆ ನಿಂತಳು. ಕತ್ತನ್ನು ಅರೆಯಾಗಿ ಹೊರಳಿಸಿ ಕಾದಳು. ಬಾಗಿಲ ಬಳಿ ಶಾಂತರಾಜು ರೂಢಿಯಂತೆ ಕಣ್ಣು ಮುಚ್ಚಿ, ಉಸಿರೆಳೆದು, ಬಾಯಿ ತೆರೆದ. ಆದರೆ ಅವನಿಗಿಂತ ಮೊದಲೇ, ಎಂದೂ ಹಾಡದ, ನಡುಗುವ, ಶ್ರುತಿಯನ್ನು ಇನ್ನೂ ತಡಕಾಡುವ ಒಂದು ಹೆಣ್ಣುದನಿ ರಂಗದಿಂದ ಎದ್ದಿತು.

"ಬಂದೆನೇ ತಾಯಿ... ಬಂದೆನೇ..."

ಶಾಂತರಾಜು ಕಣ್ಣು ತೆರೆದ.

ಹಿಂದಿನ ಸಾಲುಗಳಲ್ಲಿ ಹೊನ್ನೂರಿನಿಂದಲೂ ಅಗರದಿಂದಲೂ ಆಟೋ ಹಿಡಿದು ಬಂದವರಿದ್ದರು. ಅವರಲ್ಲೊಬ್ಬ ಮುದುಕಿ, "ಅವ್ವಯ್ಯಾ! ಸೊಲ್ಲು ಕೊಟ್ಬುಟ್ಳಲ್ಲೋ!" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡಳು. ಮುಂದಿನ ಸಾಲಿನ ಗಣ್ಯರಿಗೆ ಅದರ ಅರ್ಥ ತಿಳಿಯಲಿಲ್ಲ. ತಿಳಿದವಳು ಅವರ ನಡುವೆ ಒಬ್ಬಳೇ: ಶಿವರತ್ನಮ್ಮ. ಅವಳು ಎದ್ದು ನಿಂತಳು. ಮಗಳು ನೋಡಿದಳು. ತಾಯಿಯ ಸೆರಗು ಬಾಗಿಲಾಚೆಯ ಬೆಳಕಿನಲ್ಲಿ ಕರಗಿಹೋಗುವುದನ್ನು ಕಣ್ಣಾರೆ ನೋಡುತ್ತಲೇ, ಎರಡನೆಯ ಕರೆಗೆ ಎರಡನೆಯ ಸೊಲ್ಲನ್ನು ಕೊಟ್ಟಳು. ಅಷ್ಟರಲ್ಲಿ ಶಾಂತರಾಜು ಕುರ್ಚಿಗಳ ನಡುವಿನಿಂದ ನಡೆದು ಬಂದು ತಾಯಿಯ ಬೆನ್ನ ಹಿಂದೆ ಕುಳಿತಿದ್ದ. ಮೂರನೆಯ ಸೊಲ್ಲಿಗೆ ಎರಡು ದನಿಗಳು ಕೂಡಿದವು. ಅವನು ಕಣ್ಣು ಮುಚ್ಚಲಿಲ್ಲ, ಸೊಲ್ಲೂ ತಪ್ಪಲಿಲ್ಲ. ಅವಳು ಕುಣಿದಳು. ಹೇಗೆ ಕುಣಿದಳೆಂದು ವರ್ಣಿಸಲಾರೆ. ಒಡ್ಡು ಒಡೆದ ನೀರನ್ನು ಯಾರು ವರ್ಣಿಸಿದ್ದಾರೆ?

ಆಮೇಲಿನದನ್ನು ಕೇಳಿ, ಕೋಪ ಆರದಿರಲೆಂದೇ ಹೇಳುತ್ತೇನೆ. ಚಪ್ಪಾಳೆ ಮುಗಿಯುವ ಮೊದಲೇ ಗುರುಪ್ರಕಾಶ್ ರಂಗಕ್ಕೆ ಬಂದು, ಪ್ರೇಕ್ಷಕರ ನಡುವಿನಿಂದ ಜಾನಪದವನ್ನು ರಂಗಕ್ಕೆ ಕರೆತರುವ ಈ ಪ್ರಯೋಗ ತನ್ನ ಬಹುದಿನದ ಕನಸೆಂದು ಕೈಮುಗಿದ! ಮರುದಿನದ ಪತ್ರಿಕೆಯಲ್ಲಿ ಅವನ ಹೆಸರಿತ್ತು, ದೀಪಶ್ರೀಯ ಹೆಸರಿತ್ತು. 'ಹಾಗೂ ಸ್ಥಳೀಯ ಹಾಡುಗಾರ್ತಿ' ಎಂದೂ ಇತ್ತು. ಹೆಸರಿಲ್ಲದ ಆ ಮೂರು ಪದಗಳನ್ನು ಬರೆದ ಕೈಗೆ ಒಂದು ಮುಳ್ಳೂ ಚುಚ್ಚಲಿಲ್ಲವೇ?

"ಓಗ್ಲಿ ಬುಡು, ನನ್ ಎಸ್ರು ನಂಗೊತ್ತದೆ" ಎಂದಳಂತೆ ಚಿಕ್ಕನಿಂಗಮ್ಮ. ದೀಪಶ್ರೀ ಬಿಡಲಿಲ್ಲ. ಆ ಪದವನ್ನು, ಆ ನೃತ್ಯವನ್ನು ಗುರುಪ್ರಕಾಶ್‌ನ ಸಂಸ್ಥೆಯ ಪ್ರವಾಸಕ್ಕೆ ಕೊಡುವುದಿಲ್ಲವೆಂದು ಮುಖಕ್ಕೆ ಹೇಳಿ ಬಂದಳು. ಈಗ ಅವರು ಊರೂರ ಜಗಲಿಗಳ ಮೇಲೆ, ಶಾಲೆಯ ಅಂಗಳಗಳಲ್ಲಿ ಆಡುತ್ತಾರೆ. ಆಟ ತೊಡಗುವ ಮುನ್ನ ಪುಷ್ಪ ಮೈಕು ಹಿಡಿದು ಮೊದಲು ಹೇಳುವ ಹೆಸರು ಚಿಕ್ಕನಿಂಗಮ್ಮನದು. ಕೊಳ್ಳೇಗಾಲದ ಆ ಮನೆಯ ಬಾಗಿಲು ಮಾತ್ರ ಮಗಳಿಗೆ ಇನ್ನೂ ಅರೆಯಾಗಿಯೇ ತೆರೆದುಕೊಳ್ಳುತ್ತದೆ. ತಂದೆ ಎದುರಾದರೆ ನಿಂತು ಮಾತಾಡಿಸುತ್ತಾರೆ. ತಾಯಿ ಒಳಗಿನಿಂದ ಕೇಳಿಸಿಕೊಳ್ಳುತ್ತಾಳೆ.

ದೀಪಶ್ರೀ ಹೊನ್ನೂರಿನ ಆ ಹೊಸಿಲನ್ನು ದಾಟಿದ ದಿನ ಯಾರೂ ಅವಳಿಂದ ಸೊಲ್ಲು ಕೇಳಲಿಲ್ಲ, ಕೊಟ್ಟಾಗಿತ್ತಲ್ಲ! ಚಿಕ್ಕನಿಂಗಮ್ಮ ಗುಡಾಣದಿಂದ ಒಂದು ಚೊಂಬು ನೀರು ಬಗ್ಗಿಸಿ, ಎತ್ತಿ ಒಂದು ಗುಟುಕು ತಾನು ಕುಡಿದು, ಮಗನಿಗೆ ಕೊಟ್ಟು, ಅದೇ ಚೊಂಬನ್ನು ಅವಳ ಕೈಗಿಟ್ಟಳು. "ಬಾರ ಅದೆ, ಎರ್ಡ್ ಕೈಲಿ ಇಡ್ಕವ್ವ" ಎಂದಳು.

ಮನುಷ್ಯರ ಭಾವಗಳಲ್ಲಿ ಪ್ರೇಮವು ಬೆಳದಿಂಗಳಿನಂತೆ ತಂಪೆಂದು ಬಲ್ಲವರು ಹೇಳುತ್ತಾರೆ. ಇರಬಹುದು. ಆದರೆ ಪ್ರೇಮಕ್ಕೆ ಒಂದು ಗ್ರೀಷ್ಮವೂ ಉಂಟು. ತನ್ನವರ ಅವಮಾನವನ್ನು ಕಂಡು ಧಗಧಗಿಸುವ ಆ ಉರಿಯಿಲ್ಲದೆ ಮಳೆಗಾಲಕ್ಕೆ ಮೋಡ ಕೂಡುವುದಿಲ್ಲ. ಎಷ್ಟೋ ಮನೆಗಳಲ್ಲಿ, ಎಷ್ಟೋ ಬಾಗಿಲುಗಳ ಬಳಿಯ ಚಾಪೆಗಳ ಮೇಲೆ, ಎಷ್ಟೋ ಜೀವಗಳು ಒಂದು ಸಾಲು ಕರೆದು, ಕತ್ತನ್ನು ಅರೆಯಾಗಿ ಹೊರಳಿಸಿ ಕಾಯುತ್ತಿವೆ... ಕೇಳಿಸಿಕೊಂಡವರು ನಾವು ಬಹಳ ಮಂದಿ. ಹೊತ್ತು ಇನ್ನೂ ಪೂರ್ತಿ ಮುಳುಗಿಲ್ಲ. ಕಾಲುವೆಯ ಏರಿಯ ಮೇಲೆ ಆ ಕೂಗು ಇನ್ನೂ ನಿಂತೇ ಇದೆ.